ಮುಂಬಯಿಯ ರಾಯಲ್ ಆಪೆರಾ ಹೌಸ್: ಒಂದು ರಂಗಮಂದಿರದ ಚರಿತ್ರೆ

ರಂಗಭೂಮಿಯ ಚರಿತ್ರೆಯನ್ನು ಕುರಿತ ಕನ್ನಡದ ಬರವಣಿಗೆಯಲ್ಲಿ ನಾಟಕಕಾರ, ನಟ ಹಾಗೂ ಕಂಪನಿಗಳಿಗೆ ದೊರೆತಷ್ಟು ಸ್ಥಾನ ರಂಗಮಂದಿರಗಳಿಗೆ ದೊರೆತಿಲ್ಲ. ಕಟ್ಟಡವನ್ನು ನಾಟಕ ನಡೆಯುವ ಜಾಗವೆಂದಷ್ಟೇ ಭಾವಿಸುವ ರೂಢಿ ಇದಕ್ಕೆ ಕಾರಣವಾಗಿರಬಹುದು. ಆದರೆ ಯಾರು ಎಲ್ಲಿ ಕೂರಬೇಕು, ಅದಕ್ಕೆ ಎಷ್ಟು ಹಣ ತೆರಬೇಕು, ನಟನಿಗೂ ನೋಡುಗನಿಗೂ ಎಷ್ಟು ಅಂತರವಿರಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಕಟ್ಟಡವೇ. ಬಯಲಿನಲ್ಲಿ ಮೂರು ಕಡೆಯಿಂದ ಸುತ್ತುವರಿದು ಕೂತು ನೋಡುತ್ತಿದ್ದ ಜನ ಚೌಕಟ್ಟಿನ ರಂಗದೆದುರು ಟಿಕೆಟು ಹಿಡಿದು ಸಾಲಾಗಿ ಕೂರುವಂತಾದದ್ದು ಆಧುನಿಕ ಭಾರತೀಯ ರಂಗಭೂಮಿಯ ಬಹುದೊಡ್ಡ ಪಲ್ಲಟ. ಈ ಪಲ್ಲಟವನ್ನು ಇಂದಿಗೂ ಕಣ್ಣಾರೆ ಕಂಡು ಅಭ್ಯಸಿಸಬಹುದಾದ ಕೆಲವೇ ಕಟ್ಟಡಗಳಲ್ಲಿ ಮುಂಬಯಿಯ ಗಿರ್ಗಾಂವ್ ಬಳಿಯ ರಾಯಲ್ ಆಪೆರಾ ಹೌಸ್ ಒಂದು. ಭಾರತದಲ್ಲಿ ಉಳಿದುಬಂದಿರುವ ಏಕೈಕ ಆಪೆರಾ ಮಂದಿರವೂ ಇದೇ.

ಕಲ್ಕತ್ತೆಯನ್ನು ನೆಲೆಯಾಗಿಸಿಕೊಂಡು ದೇಶದೇಶಗಳಿಗೆ ನಾಟಕ ತಂಡಗಳನ್ನು ಕಳಿಸುತ್ತಿದ್ದ ಮೊರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲು ವ್ಯಾಪಾರದ ಪಾರ್ಸಿ ಉದ್ಯಮಿ ಜಹಾಂಗೀರ್ ಫ್ರಾಮ್‌ಜಿ ಕರಾಕಾ ಇದರ ನಿರ್ಮಾತೃಗಳು. 1908ರಲ್ಲಿ ರೂಪುಗೊಂಡ ಯೋಜನೆ 1911ರ ಹೊತ್ತಿಗೂ ಪೂರ್ಣಗೊಂಡಿರಲಿಲ್ಲ. ಆದರೂ ದೆಹಲಿ ದರ್ಬಾರಿಗೆಂದು ಬಂದ ಐದನೆಯ ಜಾರ್ಜ್ ದೊರೆಯಿಂದ ಆ ವರ್ಷವೇ ಉದ್ಘಾಟನೆ ಮಾಡಿಸಲಾಯಿತು. ಕಟ್ಟಡ ಮುಗಿದದ್ದು 1912ರಲ್ಲಿ. ಹೊರಮುಖದ ಸೇರ್ಪಡೆಗಳು ಆಮೇಲೂ ಕೆಲವು ವರ್ಷ ನಡೆದವು. ಮುಗಿಯದ ಕಟ್ಟಡಕ್ಕೆ ಅರಸನ ಕೈಯಿಂದ ಉದ್ಘಾಟನೆ ಮಾಡಿಸುವ ಈ ಆತುರದಲ್ಲಿ ವಸಾಹತುಶಾಹಿ ನಗರವೊಂದರ ಗಣ್ಯವರ್ಗದ ಮನೋಧರ್ಮ ವ್ಯಕ್ತವಾಗಿದೆ. ‘ರಾಯಲ್’ ಎಂಬ ವಿಶೇಷಣ ಕೇವಲ ಅಲಂಕಾರಕ್ಕೆ ಬಂದುದಲ್ಲ.

ಕಟ್ಟಡದ್ದು ಯೂರೋಪಿನ ಬರೋಕ್ ಶೈಲಿ. ನಡುಛಾವಣಿಯ ಗುಮ್ಮಟವನ್ನು ಎಂಟು ಭಾಗಗಳಾಗಿ ವಿಂಗಡಿಸಿ ಕವಿ, ನಾಟಕಕಾರರಿಗೆ ಅರ್ಪಿಸಲಾಗಿದೆ. ಪ್ರವೇಶಾಂಗಣದಲ್ಲಿ ಸಸೂನ್ ಮನೆತನ ಕೊಡುಗೆಯಾಗಿ ಕೊಟ್ಟ ತೂಗುದೀಪಗಳಿವೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿಯೂ ಗ್ಯಾಲರಿಯ ಕೊನೆಯವರೆಗೆ ಮಾತು ಕೇಳಿಸುವಂತೆ ಛಾವಣಿಯನ್ನು ರೂಪಿಸಲಾಗಿತ್ತು. ಕಂಪನಿ ನಾಟಕಗಳ ಗಾಯಕ ನಟರು ಎಂತಹ ಕಂಠಬಲವನ್ನು ಸಾಧಿಸಬೇಕಾಗಿತ್ತೆಂಬುದನ್ನು ಬಲ್ಲವರಿಗೆ ಈ ಅನುಕೂಲದ ಬೆಲೆ ತಿಳಿದೀತು.

ಆಪೆರಾಕ್ಕೆಂದು ಕಟ್ಟಿದ ಮಂದಿರದಲ್ಲಿ ಆಪೆರಾ ಬಹುಕಾಲ ನಿಲ್ಲಲಿಲ್ಲ. ಆ ಹೆಸರಿಗೆ ನಿಜವಾದ ಅರ್ಥ ತಂದವರು ಇಲ್ಲಿ ಹಾಡಿದ ಬಾಲಗಂಧರ್ವ, ದೀನಾನಾಥ ಮಂಗೇಶ್ಕರ್, ಮಾಸ್ಟರ್ ಕೃಷ್ಣರಾವ್ ಮೊದಲಾದ ಮರಾಠಿ ಸಂಗೀತ ನಾಟಕದ ಕಲಾವಿದರೆಂದರೆ ತಪ್ಪಾಗದು. ಈ ಪರಂಪರೆಯ ಬೇರುಗಳು ಕನ್ನಡ ನೆಲಕ್ಕೂ ಚಾಚಿವೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಕರ್ನಾಟಕದ ಭಾಗವತರ ಆಟವೇ ಪ್ರೇರಣೆ. 1880ರಲ್ಲಿ ‘ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬಾಲಗಂಧರ್ವರು 1905ರಲ್ಲಿ ಸೇರಿದ್ದು ಈ ಕಿರ್ಲೋಸ್ಕರರ ಮಂಡಳಿಯನ್ನೇ. ಬಯಲಿನಿಂದ ಹೊರಟ ಹಾಡು ಅರಸನ ಹೆಸರಿನ ಮಂದಿರವನ್ನು ಮುಟ್ಟಲು ಮುಕ್ಕಾಲು ಶತಮಾನ ಹಿಡಿಯಿತು. ಈ ಹಾದಿಯ ವಿವರಗಳು ಮರಾಠಿಯಲ್ಲಿ ಸಾಕಷ್ಟು ದಾಖಲಾಗಿವೆ; ಕನ್ನಡದ ಕಡೆಯಿಂದ ಆಗಬೇಕಾದ ಕೆಲಸ ಇನ್ನೂ ಇದೆ.

ಮುಂದೆ ಸಿನಿಮಾ ಬಂದಿತು. 1925ರಲ್ಲಿ ಪಾಥೆ ಸಂಸ್ಥೆ ಮಂದಿರವನ್ನು ಗುತ್ತಿಗೆ ಹಿಡಿಯಿತು. 1935ರಲ್ಲಿ ಐಡಿಯಲ್ ಪಿಕ್ಚರ್ಸ್ ಕೈಗೆ ಬಂದ ಮೇಲೆ ಒಳಾಂಗಣ ಚಿತ್ರಮಂದಿರಕ್ಕೆ ತಕ್ಕಂತೆ ಬದಲಾಯಿತು. ಇದನ್ನು ರಂಗಭೂಮಿಯ ಸೋಲೆಂದು ಬರೆಯುವುದು ವಾಡಿಕೆ. ಆದರೆ ಸಿನಿಮಾದ ಗಳಿಕೆ ಇಲ್ಲದಿದ್ದರೆ ಆ ದುಬಾರಿ ಜಾಗದಲ್ಲಿ ಕಟ್ಟಡವೇ ಉಳಿಯುತ್ತಿತ್ತೆ ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ನಾಟಕವಂತೂ ಪೂರ್ತಿ ಹೊರಗುಳಿಯಲಿಲ್ಲ. 1944ರಲ್ಲಿ ಸ್ಥಾಪನೆಯಾದ ಪೃಥ್ವಿ ಥಿಯೇಟರ್ಸ್ ತನ್ನ ಮೊದಲ ನಾಟಕ ‘ಶಕುಂತಲಾ’ವನ್ನು 1945ರಲ್ಲಿ ಇಲ್ಲಿಯೇ ಆಡಿತು. ‘ದೀವಾರ್’, ‘ಪಠಾಣ್’ ನಾಟಕಗಳು ಇದೇ ರಂಗವನ್ನೇರಿದವು. ಆಟ ಮುಗಿದ ಮೇಲೆ ಪೃಥ್ವಿರಾಜ್ ಕಪೂರ್ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಲ್ಲುತ್ತಿದ್ದರು. ಕನ್ನಡಿಗರು ಅವರನ್ನು ಬಲ್ಲದ್ದು 1971ರ ‘ಸಾಕ್ಷಾತ್ಕಾರ’ ಚಿತ್ರದಿಂದ. ಹಾಗೆಯೇ 1961ರಲ್ಲಿ ‘ಆಪೆರಾ ಹೌಸ್’ ಎಂಬ ಹೆಸರಿನಲ್ಲೇ ಬಂದ ಹಿಂದಿ ಚಿತ್ರದ ನಾಯಕಿ ಕನ್ನಡದ ಬಿ. ಸರೋಜಾದೇವಿ.

1952ರಲ್ಲಿ ಸೌರಾಷ್ಟ್ರದ ಗೊಂಡಲ್ ರಾಜಮನೆತನ ಮಂದಿರವನ್ನು ಕೊಂಡಿತು. ಪ್ರೇಕ್ಷಕರು ಕಡಿಮೆಯಾಗುತ್ತ ಬಂದು 1993ರಲ್ಲಿ ಬಾಗಿಲು ಮುಚ್ಚಿತು. ಮುಚ್ಚಿದ ಇಪ್ಪತ್ಮೂರು ವರ್ಷಗಳಲ್ಲೂ ಸುತ್ತಲಿನ ಪ್ರದೇಶವನ್ನು ಜನ ‘ಆಪೆರಾ ಹೌಸ್’ ಎಂದೇ ಕರೆಯುತ್ತಿದ್ದರು. ಬಸ್ಸು, ಟ್ಯಾಕ್ಸಿಯವರಿಗೂ ವಜ್ರದ ವ್ಯಾಪಾರಿಗಳಿಗೂ ಅದು ಒಂದು ವಿಳಾಸವಾಗಿತ್ತು. ಹೆಸರು ಉಳಿದು ವಸ್ತು ಮರೆಯಾಗುವ ಇಂತಹ ಸ್ಥಿತಿ ಸ್ಥಳನಾಮಗಳ ಅಧ್ಯಯನಕಾರರಿಗೆ ಹೊಸದೇನಲ್ಲ. ಆದರೆ ಇಲ್ಲಿ ಮರೆಯಾದ ವಸ್ತು ಮರಳಿ ಬಂದಿತು. 2012ರಲ್ಲಿ ವಿಶ್ವ ಸ್ಮಾರಕ ನಿಧಿಯ ಅಪಾಯದಂಚಿನ ಕಟ್ಟಡಗಳ ಪಟ್ಟಿಗೆ ಇದು ಸೇರಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ನೇತೃತ್ವದಲ್ಲಿ ಜೀರ್ಣೋದ್ಧಾರ ನಡೆದು, 2016ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲೇ ಹುಟ್ಟಿದ ಸೊಪ್ರಾನೊ ಗಾಯಕಿ ಪ್ಯಾಟ್ರಿಶಿಯಾ ರೊಜಾರಿಯೊ ಅವರ ಗಾಯನದೊಂದಿಗೆ ಮತ್ತೆ ತೆರೆಯಿತು. 2017ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಸಂರಕ್ಷಣಾ ಪುರಸ್ಕಾರ ಲಭಿಸಿತು.

ಚರ್ನಿ ರೋಡ್ ರೈಲು ನಿಲ್ದಾಣದಿಂದ ನಡೆದೇ ಇಲ್ಲಿಗೆ ಹೋಗಬಹುದು. ಇದು ವಸ್ತುಸಂಗ್ರಹಾಲಯವಲ್ಲ, ನಡೆಯುತ್ತಿರುವ ರಂಗಮಂದಿರ. ಆದ್ದರಿಂದ ಹೊರಗಿನಿಂದ ಮುಖಭಾಗ ನೋಡಿ ಮರಳುವುದಕ್ಕಿಂತ ಕಾರ್ಯಕ್ರಮವೊಂದಕ್ಕೆ ಟಿಕೆಟು ಪಡೆದು ಹೋಗುವುದೇ ಮೇಲು. ಈಗಿರುವುದು ಸುಮಾರು 575 ಆಸನಗಳು. ಮುಂಬಯಿ ಕನ್ನಡಿಗರ ನಾಟಕ ಚಟುವಟಿಕೆ ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳ ಸುತ್ತ ಬೆಳೆಯಿತೇ ಹೊರತು ಈ ಮಂದಿರದ ಸುತ್ತ ಅಲ್ಲ. ಆದರೂ ರಂಗಭೂಮಿಯ ವಿದ್ಯಾರ್ಥಿಗಳು ಮೊದಲು ಕೆಳಗಿನ ಸಾಲಿನಲ್ಲಿ, ವಿರಾಮದ ನಂತರ ಸಾಧ್ಯವಾದರೆ ಬಾಲ್ಕನಿಯಲ್ಲಿ ಕೂತು ನೋಡುವುದು ಉಪಯುಕ್ತ. ಕೆಳಗೆ ನಟನ ಮುಖ ಕಾಣುತ್ತದೆ. ಮೇಲಿನಿಂದ ನಟನೊಂದಿಗೆ ಕೆಳಗೆ ಕೂತ ಸಭೆಯೂ ಕಾಣುತ್ತದೆ.