ಅಂದಾಜು ತಪ್ಪುವ ಜಾಗಕ್ಕೆ ಬಣ್ಣ ಹಚ್ಚಿದವರು

ಗುತ್ತಿಗೆ ನವೀಕರಣದ ವಿಚಾರದಲ್ಲಿ ರಾಜ್ಯ ಸರ್ಕಾರಕ್ಕೂ ಗಣಿ ಕಂಪನಿ ಎನ್‌ಎಂಡಿಸಿಗೂ ಒಮ್ಮತವಾಗದೆ ಸಂಡೂರು ತಾಲ್ಲೂಕಿನ ದೋಣಿಮಲೈ ಕಬ್ಬಿಣದ ಗಣಿ 2018ರ ನವೆಂಬರಿನಲ್ಲಿ ನಿಂತಿತು. ಮತ್ತೆ ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ಇಂಥ ಗಣಿಯ ಅದಿರು ಸಾಗಣೆಯ ಲೆಕ್ಕವೆಲ್ಲ ಒಂದು ಡೇಟಾಬೇಸಿನಲ್ಲಿದೆ ಎಂದುಕೊಳ್ಳಿ. ಗಣಿ ಮುಚ್ಚಿದ್ದಾಗ ಸಂಗ್ರಹಿಸಿದ ಅಂಕಿಅಂಶವನ್ನೇ ನಂಬಿಕೊಂಡ ತಂತ್ರಾಂಶಕ್ಕೆ ಮಾರ್ಚಿನಲ್ಲಿ ‘ಈ ತಿಂಗಳ ಸಾಗಣೆ ಕೊಡು’ ಎಂದರೆ, ನಾಲ್ಕಾರು ಸಾಲು ಸಿಕ್ಕೀತು ಎಂದು ಅದು ಭಾವಿಸುತ್ತದೆ. ಸಿಗುವುದು ಸಾವಿರಾರು.

ಎಡವಟ್ಟು ಇಲ್ಲಿಂದಲೇ ಶುರು. ನಾಲ್ಕೇ ಸಾಲಾದರೆ ಒಂದೊಂದಕ್ಕೂ ಇನ್ನೊಂದು ಕೋಷ್ಟಕವನ್ನು ಹುಡುಕಿ ಬರುವ ದಾರಿ ಅಗ್ಗ. ಸಾವಿರಾರು ಸಾಲಿಗೆ ಅದೇ ದಾರಿ ಹಿಡಿದರೆ ಪರದೆ ಹ್ಯಾಂಗ್ ಆಗುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ತಪ್ಪು ದಾರಿಯಲ್ಲಿ ಪ್ರಾಮಾಣಿಕವಾಗಿ ದುಡಿಯುತ್ತಿರುತ್ತದೆ. ಹೀಗೆ ಉತ್ತರ ಹುಡುಕುವ ದಾರಿಗೆ ಪ್ಲಾನ್ ಎಂದೂ, ಅದನ್ನು ಆರಿಸುವ ಭಾಗಕ್ಕೆ ಆಪ್ಟಿಮೈಜರ್ ಎಂದೂ ಹೆಸರು. ಖರ್ಚನ್ನು ಅಂದಾಜು ಮಾಡಿ ಪ್ಲಾನ್ ಆರಿಸುವ ಕ್ರಮವನ್ನು ಐಬಿಎಂನ ಪ್ಯಾಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ್ದರು.

ಆಪ್ಟಿಮೈಜರ್ ಎಲ್ಲಿ ಮನಸ್ಸು ಬದಲಿಸುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಯಂತ್ ಹರಿತ್ಸ ಮತ್ತು ನವೀನ್ ರೆಡ್ಡಿ ಅದನ್ನು ಚಿತ್ರವಾಗಿಯೇ ಬರೆಸಿದರು. ಡೇಟಾಬೇಸಿಗೆ ಕೇಳುವ ಪ್ರಶ್ನೆ ಒಂದೇ. ದಿನಾಂಕ, ತೂಕದಂಥ ಎರಡು ಷರತ್ತುಗಳನ್ನು ಸ್ವಲ್ಪಸ್ವಲ್ಪವೇ ಸಡಿಲಿಸುತ್ತ, ಪ್ರತಿ ಹಂತದಲ್ಲೂ ‘ಈಗ ಯಾವ ಪ್ಲಾನ್?’ ಎಂದು ಕೇಳುವುದು. ಒಂದೊಂದು ಪ್ಲಾನಿಗೆ ಒಂದೊಂದು ಬಣ್ಣ ಕೊಟ್ಟು ಚೌಕದಲ್ಲಿ ತುಂಬುವುದು.

ನಾಲ್ಕಾರು ನಯವಾದ ಪಟ್ಟೆಗಳು ಮೂಡಬೇಕಿದ್ದ ಕಡೆ ಚೂರುಚೂರು ಬಣ್ಣ, ಎಳೆಯಂಥ ಗೆರೆಗಳು, ಒಂದು ಬಣ್ಣದ ನಡುವೆ ಇನ್ನೊಂದರ ದ್ವೀಪಗಳು ಕಂಡವು. ಕ್ಯೂಬಿಸ್ಟ್ ಚಿತ್ರಗಳನ್ನೇ ಹೋಲುತ್ತಿದ್ದ ಇವನ್ನು ಬಿಡಿಸುವ ತಂತ್ರಾಂಶಕ್ಕೆ ಆ ಶೈಲಿಯ ಚಿತ್ರಕಾರ ಪಿಕಾಸೊನ ಹೆಸರನ್ನೇ ಇಟ್ಟರು. ಫಲಿತಾಂಶವನ್ನು 2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ನಡೆದ ಡೇಟಾಬೇಸ್ ಸಂಶೋಧಕರ ವಿಎಲ್‌ಡಿಬಿ ಸಮ್ಮೇಳನದಲ್ಲಿ ಮಂಡಿಸಿದಾಗ, ಪರೀಕ್ಷೆಗೊಳಗಾದ ವಾಣಿಜ್ಯ ಡೇಟಾಬೇಸ್‌ಗಳ ಹೆಸರು ಮರೆಮಾಡಿದ್ದರು. ಕೆಲವೆಡೆ ಸಾಲುಗಳು ಹೆಚ್ಚಿದಾಗ ಅಂದಾಜು ಖರ್ಚು ಇಳಿದದ್ದೂ ಉಂಟು! ಸಾಮಾನ್ಯವಾಗಿ ಚೌಕದ ಶೇ 80ರಷ್ಟು ಜಾಗವನ್ನು ಶೇ 20ಕ್ಕಿಂತ ಕಡಿಮೆ ಪ್ಲಾನ್‌ಗಳೇ ಆಕ್ರಮಿಸಿದ್ದವು. ಖರ್ಚು ಶೇ 10ರಷ್ಟು ಹೆಚ್ಚಾದರೂ ಸರಿ ಎಂದರೆ ಸರಾಸರಿ ಮೂರರಲ್ಲಿ ಎರಡು ಪಾಲು ಪ್ಲಾನ್‌ಗಳನ್ನು ಕೈಬಿಡಬಹುದಿತ್ತು. ಇಷ್ಟೊಂದು ಸೂಕ್ಷ್ಮ ಆಯ್ಕೆ ಬೇಕಿರಲಿಲ್ಲ ಎಂಬುದೇ ಆ ಚಿತ್ರಗಳು ಹೇಳಿದ ದೊಡ್ಡ ಸತ್ಯ.

ಆದರೆ ಪರೀಕ್ಷೆಯೇ ತೆವಳತೊಡಗಿದರೆ? ಅಡ್ಡಕ್ಕೆ ಸಾವಿರ, ಉದ್ದಕ್ಕೆ ಸಾವಿರ ಬಿಂದುಗಳೆಂದರೆ 10 ಲಕ್ಷ ಸಲ ಕೇಳಬೇಕು. ಸಲಕ್ಕೆ ಅರ್ಧ ಸೆಕೆಂಡು ಹಿಡಿದರೂ ಒಂದು ಚಿತ್ರಕ್ಕೆ ಸುಮಾರು 6 ದಿನ. ಕೆಲವೇ ಬಿಂದುಗಳಲ್ಲಿ ಕೇಳಿ, ಮಿಕ್ಕವನ್ನು ನೆರೆಯ ಬಿಂದುಗಳಿಂದ ಊಹಿಸುವ ವಿಧಾನವನ್ನು ಅದೇ ಪ್ರಯೋಗಾಲಯ 2008ರಲ್ಲಿ ಕೊಟ್ಟಿತು.

2014ರಲ್ಲಿ ಅಂಶುಮನ್ ದತ್ ಮತ್ತು ಹರಿತ್ಸ ಇನ್ನೂ ಮುಂದೆ ಹೋಗಿ, ಸಾಲುಗಳ ಅಂದಾಜನ್ನೇ ಬಿಟ್ಟುಬಿಡೋಣ ಎಂದರು. ಒಂದು ಪ್ಲಾನಿಗೆ ಖರ್ಚಿನ ಮಿತಿ ಹಾಕಿ ಓಡಿಸುವುದು. ಮಿತಿಯೊಳಗೆ ಮುಗಿಯದಿದ್ದರೆ ನಿಲ್ಲಿಸಿ, ಮಿತಿ ದುಪ್ಪಟ್ಟು ಮಾಡಿ ಮುಂದಿನದಕ್ಕೆ ಹೋಗುವುದು. ಗೊತ್ತಿಲ್ಲದ ಸಂಗತಿ ಒಂದೇ ಇದ್ದರೆ, ಒಟ್ಟು ಖರ್ಚು ಅತ್ಯುತ್ತಮ ಪ್ಲಾನಿನ ನಾಲ್ಕು ಪಟ್ಟು ಮೀರದು ಎಂದು ಸಾಧಿಸಿ ತೋರಿಸಿದರು.

ನಿಮ್ಮ ಕಚೇರಿಯ ಡೇಟಾಬೇಸ್ ತಪಾಸಣೆಯ ನಡುವೆಯೇ ಸ್ತಬ್ಧವಾದರೆ ಈ ಕತೆ ಉಪಯೋಗಕ್ಕೆ ಬರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ‘ಎಕ್ಸ್‌ಪ್ಲೇನ್ ಅನಲೈಜ್’ ಆದೇಶ ಪ್ರಶ್ನೆಯನ್ನು ನಿಜವಾಗಿಯೇ ಓಡಿಸುತ್ತದೆ, ಹಾಗಾಗಿ ಪ್ರಶ್ನೆ ಸಿಕ್ಕಿಕೊಂಡರೆ ತಪಾಸಣೆಯೂ ಸಿಕ್ಕಿಕೊಳ್ಳುತ್ತದೆ. ಮೊದಲು ಬರೀ ‘ಎಕ್ಸ್‌ಪ್ಲೇನ್’ ಕೊಟ್ಟು ಪ್ಲಾನ್ ನೋಡಿ, ಅಂಕಿಅಂಶ ಹೊಸದು ಮಾಡಿ, ಆಮೇಲೆ ಸಮಯದ ಮಿತಿ ಹಾಕಿ ‘ಎಕ್ಸ್‌ಪ್ಲೇನ್ ಅನಲೈಜ್’ ಓಡಿಸಿ. ಅಂದಾಜಿನ ಸಾಲಿಗೂ ನಿಜವಾಗಿ ಬಂದ ಸಾಲಿಗೂ ಎಲ್ಲಿ ಭಾರಿ ಅಂತರವಿದೆಯೋ ಅಲ್ಲೇ ಹುಡುಕಿ. ಹೊಸ ಸರ್ವರಿಗೆ ದುಡ್ಡು ಸುರಿಯುವ ಮೊದಲು ಇಷ್ಟು ಮಾಡಲೇಬೇಕು.