ಅಜ್ಜಿಯ ಮಿಸ್ಡ್ ಕಾಲ್

ಅಂದು ಸಂಜೆ 7ಕ್ಕೆ ಅಜ್ಜಿಯ ಫೋನ್ ಬಂದಾಗ ನಾನು ಬೆಂಗಳೂರಿನ ಪಿ.ಜಿ.ಯಲ್ಲಿ ಗೆಳೆಯರ ಜೊತೆ ಕ್ರಿಕೆಟ್ ನೋಡುತ್ತಿದ್ದೆ. ಆಮೇಲೆ ಮಾಡಿದರಾಯಿತು ಎಂದು ಫೋನನ್ನು ಮಗುಚಿಟ್ಟೆ. ಮರೆತೇಬಿಟ್ಟೆ. ಮೂರನೇ ದಿನ ಬೆಳಗಿನ ಜಾವ ಅಪ್ಪನ ಕರೆ. ‘ಅವ್ವ ಹೋಗ್ಬುಟ್ಲು ಕಣಪ್ಪ.’

ಮಂಡ್ಯ ಸೀಮೆಯ ನಮ್ಮೂರಿನ ಹೊಲದಲ್ಲಿ, ತಾತನ ಪಕ್ಕದಲ್ಲೇ ಅಜ್ಜಿಯನ್ನು ಮಣ್ಣು ಮಾಡಿದೆವು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಜೇಬಿನಲ್ಲಿದ್ದ ಫೋನ್ ಮಾತ್ರ ಕಲ್ಲಿನಷ್ಟು ಭಾರವಾಗಿತ್ತು.

ಹನ್ನೊಂದನೇ ದಿನ ತಿಥಿ. ಸಮಾಧಿಯ ಮುಂದೆ ಬಾಳೆಎಲೆ ಹಾಸಿ ಅಜ್ಜಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟೆವು. ಮುದ್ದೆ, ಬಸ್ಸಾರು, ಕಡುಬು, ಎಲೆ ಅಡಿಕೆ, ಒಂದು ಚೂರು ಹೊಗೆಸೊಪ್ಪು. ಎಡೆಯನ್ನು ಕಾಗೆ ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂಬುದು ನಮ್ಮ ಕಡೆಯ ನಂಬಿಕೆ. ದೂರ ಸರಿದು ನಿಂತೆವು. ಕಾಗೆಗಳು ತೆಂಗಿನ ಗರಿಯ ಮೇಲೆ ಕೂತು ನೋಡಿದವೇ ಹೊರತು ಕೆಳಗಿಳಿಯಲಿಲ್ಲ.

ದೊಡ್ಡಪ್ಪ ಕೈಮುಗಿದು, ‘ಅಣ್ತಮ್ಮಂದಿರು ಜಗಳ ಆಡಕ್ಕಿಲ್ಲ ಕಣವ್ವ’ ಎಂದರು. ಕಾಗೆ ಕದಲಲಿಲ್ಲ. ಅತ್ತೆ, ‘ಮಗಳ ಮದುವೆ ಚೆನ್ನಾಗಿ ಮಾಡ್ತೀನಿ’ ಎಂದರು. ಊಹೂಂ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಅಜ್ಜಿಗೆ ಮುನಿಸಿರುವುದು ನನ್ನ ಮೇಲೆಯೇ ಅನ್ನಿಸಿತು. ‘ಫೋನ್ ಎತ್ತಲಿಲ್ಲ, ತಪ್ಪಾಯ್ತಜ್ಜಿ’ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆಗಲೂ ಬರಲಿಲ್ಲ.

ಕೊನೆಗೆ ಅಪ್ಪ, ‘ಗೌರೀನ ಮಾರಕ್ಕಿಲ್ಲ, ಬಾರವ್ವ’ ಎಂದರು. ಗೌರಿ ಅಜ್ಜಿ ಸಾಕಿದ ಹಸು. ಇನ್ನು ನೋಡಿಕೊಳ್ಳುವವರಿಲ್ಲವೆಂದು ಅದನ್ನು ಮಾರುವ ಮಾತು ಮನೆಯಲ್ಲಿ ನಡೆದಿತ್ತು. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳಿದು ಕಡುಬಿಗೆ ಕೊಕ್ಕು ಹಾಕಿತು. ಅಳುತ್ತಿದ್ದವರೂ ನಕ್ಕರು. ‘ಮಕ್ಕಳಿಗಿಂತ ಹಸುವೇ ಹೆಚ್ಚಾಯ್ತು ನೋಡಿ ಇವಳಿಗೆ’ ಎಂದರು ಅತ್ತೆ.

ಮನೆಗೆ ಮರಳುವಾಗ ಆ ಕರೆಯ ವಿಷಯವನ್ನು ಅಪ್ಪನಿಗೆ ಹೇಳಿದೆ. ‘ಅದಾ? ಅವತ್ತು ಗೌರಿ ಕರು ಹಾಕಿತ್ತು. ನಿಂಗೆ ಗಿಣ್ಣು ಇಷ್ಟ ಅಂತ ಕರೆಯೋಕೆ ಮಾಡಿದ್ಲು. ನೀನು ಎತ್ತದಿದ್ದಾಗ, ಓದ್ಕತಾ ಇರ್ಬೇಕು ಬುಡು ಅಂದ್ಲು’ ಎಂದರು. ಹನ್ನೊಂದು ದಿನ ಕಟ್ಟಿಕೊಂಡಿದ್ದ ಅಳು ಆಗ ಬಂತು. ಬದುವಿನ ಮೇಲೆ ಕೂತು ಅತ್ತೆ. ಅಜ್ಜಿಗೆ ಮುನಿಸೇ ಇರಲಿಲ್ಲ. ಕ್ಷಮಿಸುವುದಾದರೂ ಏನನ್ನು?

ಕಾಗೆ ಹಸಿವಿಗೆ ಬಂತೋ, ಅಜ್ಜಿಯೇ ಕಳಿಸಿದಳೋ ನನಗೆ ಗೊತ್ತಿಲ್ಲ. ಅದರ ನೆಪದಲ್ಲಿ ನಾವೆಲ್ಲ ಹೇಳದೇ ಉಳಿಸಿಕೊಂಡಿದ್ದನ್ನು ಹೇಳಿ ಹಗುರಾದೆವು ಎನ್ನುವುದಂತೂ ನಿಜ.

ಈಗ ಏನೇ ಕೆಲಸವಿರಲಿ, ಮನೆಯಿಂದ ಬಂದ ಕರೆ ಎತ್ತುತ್ತೇನೆ. ಕಾಲ್ ಲಿಸ್ಟ್‌ನಲ್ಲಿದ್ದ ಅಜ್ಜಿಯ ಆ ಕೆಂಪು ಗುರುತನ್ನು ಅಳಿಸಲು ಮಾತ್ರ ಕೈ ಬರುತ್ತಿರಲಿಲ್ಲ. ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಗೌರಿಯ ಕರು ನನ್ನ ಅಂಗಿಯ ತುದಿ ಜಗಿಯುತ್ತಿತ್ತು. ಕೊಟ್ಟಿಗೆಯಲ್ಲೇ ನಿಂತು ಅಳಿಸಿದೆ.