ಕಸಿಗೊಂಡ ಕೊಂಬೆ, ಕಡಿಯದ ಬೇರು

೧೮೫೮ನೆಯ ಇಸವಿಯ ಜೂನ್ ೨೩ರ ಸಂಜೆ. ಇಟಲಿಯ ಬೊಲೋನಾ ನಗರದಲ್ಲಿ ಮೊಮೊಲೊ ಮೊರ್ತಾರಾ ಎಂಬ ಯೆಹೂದ್ಯ ವರ್ತಕನ ಮನೆಯ ಬಾಗಿಲನ್ನು ಪೋಪರ ಆಳ್ವಿಕೆಗೆ ಸೇರಿದ ಆರಕ್ಷಕರು ತಟ್ಟಿದರು. ಆ ಮನೆಯ ಮಕ್ಕಳಲ್ಲೊಬ್ಬನಾದ, ಇನ್ನೂ ಏಳು ವರ್ಷ ತುಂಬದ ಎಡ್ಗಾರ್ಡೊನನ್ನು ಕರೆದೊಯ್ಯಲು ಅವರಿಗೆ ಅಪ್ಪಣೆಯಾಗಿತ್ತು. ಬಾಲಕ ಮಾಡಿದ ಅಪರಾಧವಾದರೂ ಏನು? ಏನೂ ಇಲ್ಲ. ಹಿಂದೊಮ್ಮೆ ಕೂಸು ಕಾಯಿಲೆ ಬಿದ್ದಾಗ, ಅದು ಉಳಿಯಲಾರದೆಂದು ಹೆದರಿದ ಕ್ರೈಸ್ತ ಸೇವಕಿಯೊಬ್ಬಳು ಯಾರಿಗೂ ತಿಳಿಯದಂತೆ ನೀರು ಚಿಮುಕಿಸಿ ಅದಕ್ಕೆ ದೀಕ್ಷಾಸ್ನಾನ ಕೊಟ್ಟಿದ್ದಳು. ದೀಕ್ಷೆ ಹೊಂದಿದ ಮಗು ಕ್ರೈಸ್ತೇತರರ ಮನೆಯಲ್ಲಿ ಬೆಳೆಯಕೂಡದೆಂಬುದು ಆ ರಾಜ್ಯದ ಕಟ್ಟಳೆ. ಮರುದಿನ ಮಗುವನ್ನು ತಾಯಿತಂದೆಯರ ಮಡಿಲಿನಿಂದ ಕಿತ್ತು ರೋಮಿಗೆ ಸಾಗಿಸಲಾಯಿತು. ಯೂರೋಪಿನ ಪತ್ರಿಕೆಗಳು ಕೂಗಾಡಿದವು, ರಾಜರು ಪ್ರತಿಭಟಿಸಿದರು. ಒಂಬತ್ತನೆಯ ಪಯಸ್ ಪೋಪರು ಮಣಿಯಲಿಲ್ಲ. ಎಡ್ಗಾರ್ಡೊ ಕ್ರೈಸ್ತನಾಗಿಯೇ ಬೆಳೆದು, ಪಾದ್ರಿಯಾಗಿ, ೧೯೪೦ರಲ್ಲಿ ಬೆಲ್ಜಿಯಂ ದೇಶದಲ್ಲಿ ಕಾಲವಾದನು.

ಈ ಘಟನೆಯಲ್ಲಿ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. ಆ ಸೇವಕಿ ದುಷ್ಟಳಾಗಿರಲಿಲ್ಲ. ಸಾಯುತ್ತಿರುವ ಮಗುವಿನ ಆತ್ಮ ನಾಶವಾಗದಿರಲೆಂಬ ಮರುಕವೇ ಅವಳ ಕೈಯನ್ನು ನೀರಿನತ್ತ ಚಾಚಿಸಿತು. ತಾಯಿಯ ಕಣ್ಣೀರಿಗಿಂತ ಮಗುವಿನ ನಿತ್ಯಜೀವನ ದೊಡ್ಡದೆಂದು ಪೋಪರೂ ಮನಸಾರೆ ನಂಬಿದ್ದರು. ಹಾಗಾದರೆ ಎಲ್ಲಕ್ಕೂ ಮೂಲವಾದ ಪ್ರಶ್ನೆ ಒಂದೇ: ಯೇಸುಕ್ರಿಸ್ತನಲ್ಲಿ ವಿಶ್ವಾಸವಿಡದೆ ಯೆಹೂದ್ಯನಿಗೆ ರಕ್ಷಣೆಯುಂಟೆ, ಇಲ್ಲವೆ? ಸುಮಾರು ಎರಡು ಸಾವಿರ ವರ್ಷಗಳಿಂದ ಕ್ರೈಸ್ತರು ತಮ್ಮನ್ನು ತಾವೇ ಕೇಳಿಕೊಳ್ಳುತ್ತ ಬಂದಿರುವ ಪ್ರಶ್ನೆಯಿದು.

ಪ್ರಶ್ನೆಯ ಇಕ್ಕಟ್ಟು

ಕ್ರೈಸ್ತರು ರಕ್ಷಣೆಯೆನ್ನುವುದು ನಮ್ಮವರು ಮೋಕ್ಷವೆನ್ನುವುದಕ್ಕೆ ಸರಿಸಮನಾದುದಲ್ಲ. ಅಲ್ಲಿ ಬಿಡುಗಡೆಯಾಗಬೇಕಾದುದು ಹುಟ್ಟುಸಾವುಗಳ ಚಕ್ರದಿಂದಲ್ಲ, ಪಾಪದಿಂದ; ಸೇರಬೇಕಾದುದು ದೇವರ ಸನ್ನಿಧಿಯನ್ನು. ಆ ದಾರಿ ಕ್ರಿಸ್ತನೊಬ್ಬನೇ ಎಂಬುದು ಕ್ರೈಸ್ತಮತದ ತಳಹದಿ. ಇತರ ಮತಗಳವರ ಗತಿಯೇನೆಂದು ಕೇಳಿದರೆ ಕ್ರೈಸ್ತ ಪಂಡಿತರು ಹಲವು ಉತ್ತರಗಳನ್ನು ಹೇಳಿಯಾರು. ಯೆಹೂದ್ಯರ ವಿಷಯ ಮಾತ್ರ ಬೇರೆ. ಯೇಸು ಹುಟ್ಟಿನಿಂದ ಯೆಹೂದ್ಯ. ಅವನ ತಾಯಿ ಮರಿಯಳು, ಶಿಷ್ಯನಾದ ಪೇತ್ರ, ಪ್ರಚಾರಕನಾದ ಪೌಲ, ಎಲ್ಲರೂ ಯೆಹೂದ್ಯರೇ. ಯೆಹೂದ್ಯರ ಧರ್ಮಗ್ರಂಥವೇ ಕ್ರೈಸ್ತ ಬೈಬಲಿನ ಪೂರ್ವಭಾಗ. ಕನ್ನಡದಲ್ಲಿ ಆ ಭಾಗಕ್ಕೆ ‘ಹಳೆಯ ಒಡಂಬಡಿಕೆ’ ಎಂಬ ಹೆಸರೇ ನಿಂತಿದೆ. ದೇವರು ಅಬ್ರಹಾಮನೊಡನೆಯೂ ಮೋಶೆಯೊಡನೆಯೂ ಒಡಂಬಡಿಕೆ ಮಾಡಿಕೊಂಡನೆಂದು ಕ್ರೈಸ್ತರೂ ನಂಬುತ್ತಾರೆ.

ಆ ಒಡಂಬಡಿಕೆ ಈಗ ರದ್ದಾಯಿತೆ? ಆಯಿತೆಂದರೆ, ಒಮ್ಮೆ ಕೊಟ್ಟ ಮಾತನ್ನು ಹಿಂತೆಗೆದುಕೊಂಡ ದೇವರು ಹೊಸ ಮಾತನ್ನು ಉಳಿಸಿಕೊಳ್ಳುವನೆಂದು ಕ್ರೈಸ್ತನು ನಂಬುವುದೆಂತು? ಆಗಲಿಲ್ಲವೆಂದರೆ, ಯೆಹೂದ್ಯರ ನಡುವೆಯೇ ಹುಟ್ಟಿ, ಅವರಿಗೇ ಮೊದಲು ಬೋಧಿಸಿದ ಕ್ರಿಸ್ತನು ಬಂದುದಾದರೂ ಏತಕ್ಕೆ? ಎರಡು ದಡಗಳಲ್ಲಿ ಯಾವುದನ್ನು ಬಿಟ್ಟರೂ ದೋಣಿ ಮುಳುಗುವ ಭಯ.

ಪೌಲನ ಕಸಿ

ಈ ಇಕ್ಕಟ್ಟನ್ನು ಮೊದಲು ಅನುಭವಿಸಿದವನು ಪೌಲನೇ. ಕ್ರಿಸ್ತಶಕ ೫೭ರ ಸುಮಾರಿಗೆ ರೋಮಿನ ಕ್ರೈಸ್ತರಿಗೆ ಬರೆದ ಪತ್ರದ ಮೂರು ಅಧ್ಯಾಯಗಳನ್ನು ಅವನು ಇದಕ್ಕಾಗಿಯೇ ಮೀಸಲಿಟ್ಟನು. ತನ್ನ ಜನರು ಯೇಸುವನ್ನು ಒಪ್ಪಲಿಲ್ಲವೆಂಬ ಸಂಕಟ ಅವನನ್ನು ಸುಡುತ್ತಿತ್ತು. ಆಗ ಅವನು ಆಲಿವ್ ಮರದ ಉಪಮೆಯೊಂದನ್ನು ಹೇಳಿದನು. ತೋಟದ ಒಳ್ಳೆಯ ಮರದಿಂದ ಕೆಲವು ಕೊಂಬೆಗಳು ಮುರಿದುಬಿದ್ದಿವೆ. ಆ ಸ್ಥಳದಲ್ಲಿ ಕಾಡುಮರದ ಕೊಂಬೆಯನ್ನು ಕಸಿ ಮಾಡಲಾಗಿದೆ. ಕಾಡುಕೊಂಬೆಯೆಂದರೆ ಯೆಹೂದ್ಯರಲ್ಲದ ಕ್ರೈಸ್ತರು. ಮಾವಿನ ಕಸಿ ಕಟ್ಟುವವರು ಬಲ್ಲರು: ಕಾಡುಬೇರಿನ ಮೇಲೆ ಒಳ್ಳೆಯ ತಳಿಯನ್ನು ಕೂರಿಸುವುದೇ ವಾಡಿಕೆ, ಒಳ್ಳೆಯ ಬೇರಿನ ಮೇಲೆ ಕಾಡುಕೊಂಬೆಯನ್ನಲ್ಲ. ಇದು ಪ್ರಕೃತಿಗೆ ವಿರುದ್ಧವೆಂದು ಪೌಲನೂ ಬಲ್ಲನು. ಅವನ ಎಚ್ಚರಿಕೆಯೂ ಅದೇ. ಕೊಂಬೆಯು ಬೇರನ್ನು ಹೊತ್ತಿಲ್ಲ, ಬೇರೇ ಕೊಂಬೆಯನ್ನು ಹೊತ್ತಿದೆ. ಆದುದರಿಂದ ಹೊಸಬರು ಬೀಗಬಾರದು. ಮುರಿದ ಕೊಂಬೆಗಳನ್ನು ಮತ್ತೆ ಕಟ್ಟುವ ಶಕ್ತಿ ದೇವರಿಗುಂಟು. ಅವನ ವರವೂ ಕರೆಯೂ ಹಿಂತಿರುಗುವಂಥವಲ್ಲ. ಕಡೆಯಲ್ಲಿ ಇಸ್ರಾಯೇಲೆಲ್ಲ ರಕ್ಷಣೆ ಹೊಂದುವುದು.

ಹೇಗೆ ಹೊಂದುವುದು? ಕ್ರಿಸ್ತನನ್ನು ಒಪ್ಪಿಯೋ, ತಮ್ಮ ಒಡಂಬಡಿಕೆಯ ಬಲದಿಂದಲೋ? ಪೌಲನು ಬಿಡಿಸಿ ಹೇಳಲಿಲ್ಲ. ಅವನ ಮೌನದಲ್ಲೇ ಮುಂದಿನ ಎಲ್ಲ ವಾದಗಳೂ ಮನೆಮಾಡಿದವು.

ಬೀಗಿದ ಕೊಂಬೆ

ಪೌಲನ ಎಚ್ಚರಿಕೆ ಬಹುಬೇಗ ಮರೆತುಹೋಯಿತು. ದೇವರು ಹಳೆಯ ಜನರನ್ನು ಕೈಬಿಟ್ಟನು, ಅವರ ಸ್ಥಾನಕ್ಕೆ ಕ್ರೈಸ್ತಸಭೆ ಬಂದಿತು ಎಂಬ ಮತವೇ ಬಲಿಯಿತು. ಐದನೆಯ ಶತಮಾನದ ಹೊತ್ತಿಗೆ ಸಂತ ಅಗಸ್ಟೀನನು, ಯೆಹೂದ್ಯರು ತಮ್ಮ ಗ್ರಂಥಗಳನ್ನು ಹೊತ್ತು ಕ್ರೈಸ್ತಸತ್ಯಕ್ಕೆ ತಮಗರಿಯದೆಯೇ ಸಾಕ್ಷಿಗಳಾಗಿದ್ದಾರೆ, ಆದುದರಿಂದ ಅವರನ್ನು ಕೊಲ್ಲಬಾರದು ಎಂದನು. ಈ ಸಣ್ಣ ಆಸರೆಯೂ ಎಲ್ಲೆಡೆ ನಿಲ್ಲಲಿಲ್ಲ. ೧೦೯೬ರಲ್ಲಿ ಮೊದಲ ಧರ್ಮಯುದ್ಧದ ಗುಂಪುಗಳು ರೈನ್ ನದಿಯ ತೀರದ ವರ್ಮ್ಸ್, ಮೈನ್ಜ್ ನಗರಗಳ ಯೆಹೂದ್ಯರ ಮುಂದೆ ದೀಕ್ಷೆ ಅಥವಾ ಸಾವು ಎಂಬ ಆಯ್ಕೆಯನ್ನಿಟ್ಟವು. ಅನೇಕ ತಾಯಿತಂದೆಯರು ಮಕ್ಕಳನ್ನು ಕೊಂದು ತಾವೂ ಸತ್ತರು. ೧೪೪೨ರಲ್ಲಿ ಫ್ಲಾರೆನ್ಸಿನ ಮಹಾಸಭೆಯು, ಸಭೆಯ ಹೊರಗುಳಿದ ಯಾರಿಗೂ, ಯೆಹೂದ್ಯರಿಗೂ ಸಹ, ನಿತ್ಯಜೀವವಿಲ್ಲವೆಂದು ಸಾರಿತು. ರೋಮನ್ನು ಎದುರಿಸಿದ ಮಾರ್ಟಿನ್ ಲೂಥರನೂ ಇದರಲ್ಲಿ ಭಿನ್ನನಾಗಲಿಲ್ಲ. ೧೫೨೩ರಲ್ಲಿ ಯೆಹೂದ್ಯರನ್ನು ಮೃದುವಾಗಿ ಕಾಣಿರೆಂದು ಬರೆದವನು, ಅವರು ಮತಾಂತರಗೊಳ್ಳದಿರಲು, ೧೫೪೩ರಲ್ಲಿ ಅವರ ಪ್ರಾರ್ಥನಾಮಂದಿರಗಳನ್ನು ಸುಡಿರೆಂದು ಬರೆದನು.

ಬಾಗಿಲಿನವರೆಗೆ ಬಂದು ಹಿಂದಿರುಗಿದವರು

ಇಪ್ಪತ್ತನೆಯ ಶತಮಾನದಲ್ಲಿ ಹೊಸ ಉತ್ತರವೊಂದು ಯೆಹೂದ್ಯರ ಕಡೆಯಿಂದಲೇ ಹೊಳೆಯಿತು. ಜರ್ಮನಿಯ ತರುಣ ತತ್ತ್ವಜ್ಞಾನಿ ಫ್ರಾನ್ಜ್ ರೋಸೆನ್‌ಜ್ವೈಗ್ ೧೯೧೩ರಲ್ಲಿ ಕ್ರೈಸ್ತನಾಗಲು ನಿಶ್ಚಯಿಸಿದ್ದರು. ಅವರ ಬಂಧುಮಿತ್ರರಲ್ಲಿ ಹಲವರು ಆಗಲೇ ಆ ದಾರಿ ಹಿಡಿದಿದ್ದರು. ಆದರೆ ಯೆಹೂದ್ಯನಾಗಿಯೇ ಆ ಬಾಗಿಲನ್ನು ಹಾಯಬೇಕೆಂಬುದು ಅವರ ಹಟ. ಆ ವರ್ಷದ ದೋಷಪರಿಹಾರಕ ದಿನದಂದು ಬರ್ಲಿನ್ನಿನ ಪ್ರಾರ್ಥನಾಮಂದಿರವೊಂದರಲ್ಲಿ ಉಪವಾಸವಿದ್ದು ಕುಳಿತಾಗ ಅವರ ಮನಸ್ಸು ತಿರುಗಿತೆಂದು ಪ್ರತೀತಿ. ದಾರಿ ಹೇಗೇ ಇರಲಿ, ನಿರ್ಧಾರ ಮಾತ್ರ ಸ್ಪಷ್ಟವಾಗಿತ್ತು. ಕ್ರಿಸ್ತನ ಮೂಲಕವಲ್ಲದೆ ತಂದೆಯ ಬಳಿಗೆ ಯಾರೂ ಬರಲಾರರೆಂಬ ಮಾತನ್ನು ತಾವು ಅಲ್ಲಗಳೆಯುವುದಿಲ್ಲ. ಆದರೆ ಆಗಲೇ ತಂದೆಯ ಬಳಿಯಲ್ಲಿರುವವನು ಹೊಸದಾಗಿ ಬರಬೇಕಾದುದಿಲ್ಲ. ದಾಯಾದಿಗೆ ಬರೆದ ಪತ್ರದಲ್ಲಿ ಅವರು ಕೊಟ್ಟ ಉತ್ತರದ ತಾತ್ಪರ್ಯವಿದು. ೧೯೨೧ರಲ್ಲಿ ಪ್ರಕಟವಾದ ‘ವಿಮೋಚನೆಯ ತಾರೆ’ ಎಂಬ ಗ್ರಂಥದಲ್ಲಿ ಅವರು ಎರಡು ಮತಗಳಿಗೂ ದೇವರ ಯೋಜನೆಯಲ್ಲಿ ಸ್ಥಾನವಿದೆಯೆಂದು ನಿರೂಪಿಸಿದರು.

ಆಮೇಲೆ ನಾಜಿಗಳ ಕಾಲ ಬಂದಿತು. ಶತಮಾನಗಳ ಕ್ರೈಸ್ತಬೋಧೆಯನ್ನು ಕೇಳಿ ಬೆಳೆದ ಯೂರೋಪಿನ ನಡುವೆಯೇ ಅರುವತ್ತು ಲಕ್ಷ ಯೆಹೂದ್ಯರು ಹತರಾದರು. ಫ್ರಾನ್ಸಿನ ಇತಿಹಾಸಕಾರ ಜೂಲ್ ಐಸಾಕರ ಪತ್ನಿಯೂ ಮಗಳೂ ಬಲಿಯಾದವರಲ್ಲಿದ್ದರು. ಸುವಾರ್ತೆಗಳನ್ನೂ ಅವುಗಳ ಹೆಸರಿನಲ್ಲಿ ನಡೆದ ಬೋಧನೆಯನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸಿ ಅವರು ೧೯೪೮ರಲ್ಲಿ ‘ಯೇಸು ಮತ್ತು ಇಸ್ರಾಯೇಲ್’ ಎಂಬ ಗ್ರಂಥವನ್ನು ಹೊರತಂದರು. ೧೯೬೦ರ ಜೂನ್ ೧೩ರಂದು, ಎಂಬತ್ತು ದಾಟಿದ ಆ ವೃದ್ಧರು ಇಪ್ಪತ್ತಮೂರನೆಯ ಜಾನ್ ಪೋಪರನ್ನು ಕಂಡು, ತಿರಸ್ಕಾರದ ಬೋಧೆಯನ್ನು ತಿದ್ದಬೇಕೆಂದು ಬೇಡಿಕೊಂಡರು.

ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದುದು ಆ ಭೇಟಿಯ ಫಲ. ೧೯೬೪ರ ಕರಡಿನಲ್ಲಿ, ಯೆಹೂದ್ಯರು ಒಂದು ದಿನ ಸಭೆಯನ್ನು ಸೇರುವರೆಂಬ ನಿರೀಕ್ಷೆಯ ಮಾತಿತ್ತು. ಅಮೆರಿಕದ ಯೆಹೂದ್ಯ ವಿದ್ವಾಂಸ ಅಬ್ರಹಾಂ ಹೆಶೆಲರು, ತಮ್ಮ ತಾಯಿಯನ್ನೂ ಸೋದರಿಯರನ್ನೂ ಆ ಹತ್ಯಾಕಾಂಡದಲ್ಲಿ ಕಳೆದುಕೊಂಡವರು, ಮತಾಂತರ ಮತ್ತು ಆಶ್‌ವಿಟ್ಸ್ ಈ ಎರಡರಲ್ಲಿ ಆರಿಸಿಕೊಳ್ಳೆಂದರೆ ಆಶ್‌ವಿಟ್ಸಿಗೇ ಹೋಗಲು ಸಿದ್ಧನೆಂದು ಸಾರಿದರು. ಪ್ರೀತಿಯಿಂದ ಕೊಟ್ಟ ಆಹ್ವಾನವೂ ಅವರಿಗೆ ತಮ್ಮ ಜನರ ಹೆಸರನ್ನೇ ಅಳಿಸುವ ಮತ್ತೊಂದು ಪ್ರಯತ್ನವಾಗಿ ಕಂಡಿತು. ಆ ಮಾತು ಬದಲಾಯಿತು. ೧೯೬೫ರ ಅಕ್ಟೋಬರ್ ೨೮ರಂದು ೨,೨೨೧ ಮತಗಳಿಂದ, ೮೮ ವಿರೋಧಗಳೊಡನೆ, ಅಂಗೀಕೃತವಾದ ಘೋಷಣೆಯು, ದೇವರು ಯೆಹೂದ್ಯರನ್ನು ತಿರಸ್ಕರಿಸಿದ್ದಾನೆಂದು ಬೋಧಿಸಕೂಡದೆಂದಿತು. ಎಲ್ಲ ಜನಗಳೂ ಒಂದೇ ದನಿಯಲ್ಲಿ ದೇವರನ್ನು ಕರೆಯುವ ದಿನ ಅವನೊಬ್ಬನಿಗೇ ಗೊತ್ತು ಎಂದೂ ಹೇಳಿತು.

ಇಂದಿನ ಮೂರು ದಾರಿಗಳು

ಅಲ್ಲಿಂದೀಚೆಗೆ ಕ್ರೈಸ್ತರಲ್ಲಿ ಮುಖ್ಯವಾಗಿ ಮೂರು ದಾರಿಗಳು ಕಾಣುತ್ತವೆ.

ಮೊದಲನೆಯವರು, ವಿಶ್ವಾಸವಿಲ್ಲದೆ ರಕ್ಷಣೆ ಯಾರಿಗೂ ಇಲ್ಲವೆನ್ನುವವರು. ೧೯೮೯ರಲ್ಲಿ ಬರ್ಮುಡಾ ದ್ವೀಪದಲ್ಲಿ ಸೇರಿದ ಸುವಾರ್ತಾಪಂಥದ ವಿದ್ವಾಂಸರ ವಿಲೋಬ್ಯಾಂಕ್ ಘೋಷಣೆಯ ನಿಲುವು ಇದೇ. ಯೇಸು ಮೊದಲು ಬಂದುದೇ ಯೆಹೂದ್ಯರಿಗಾಗಿ. ಜಗತ್ತಿಗೆಲ್ಲ ಸುವಾರ್ತೆಯನ್ನು ಹೇಳಿ ಅವರಿಗೊಬ್ಬರಿಗೆ ಹೇಳದಿರುವುದೇ ಪಕ್ಷಪಾತವೆಂಬುದು ಅವರ ವಾದ. ಬಲಾತ್ಕಾರವನ್ನು ಅವರೂ ಖಂಡಿಸುತ್ತಾರೆ.

ಎರಡನೆಯವರು ಎರಡು ಒಡಂಬಡಿಕೆಗಳ ವಾದದವರು. ಯೆಹೂದ್ಯರಿಗೆ ಅವರ ದಾರಿ, ಉಳಿದವರಿಗೆ ಕ್ರಿಸ್ತನ ದಾರಿ. ಅಮೆರಿಕದ ಪ್ರಾಟೆಸ್ಟೆಂಟ್ ಚಿಂತಕ ರೀನ್‌ಹೋಲ್ಡ್ ನೀಬೂರರು ೧೯೫೮ರಷ್ಟು ಹಿಂದೆಯೇ ಯೆಹೂದ್ಯರ ನಡುವೆ ಮತಪ್ರಚಾರ ಸಲ್ಲದೆಂದು ಬರೆದರು. ೨೦೦೨ರಲ್ಲಿ ಅಮೆರಿಕದ ಕೆಲವು ಕ್ಯಾಥೊಲಿಕ್ ವಿದ್ವಾಂಸರೂ ಇದಕ್ಕೆ ಹತ್ತಿರವಾದ ಮಾತನ್ನಾಡಿದರು. ಕಾರ್ಡಿನಲ್ ಏವರಿ ಡಲಸರು ಕೂಡಲೇ ವಿರೋಧಿಸಿದರು. ೨೦೦೯ರಲ್ಲಿ ಅಲ್ಲಿನ ಬಿಷಪ್ಪರೇ ಆ ಹೇಳಿಕೆಗೆ ತಿದ್ದುಪಡಿ ಕೊಟ್ಟರು. ದಾರಿ ಎರಡಾದರೆ ಪೇತ್ರ ಪೌಲರು ಕ್ರಿಸ್ತನನ್ನು ಹಿಂಬಾಲಿಸಿದುದು ಅನಗತ್ಯವಾಗಿತ್ತೆ ಎಂಬ ಪ್ರಶ್ನೆಗೆ ಈ ವಾದದವರು ಉತ್ತರ ಹೇಳಬೇಕಾಗುತ್ತದೆ.

ಮೂರನೆಯದು ನಡುವಿನ ದಾರಿ. ಹಳೆಯ ಒಡಂಬಡಿಕೆ ಎಂದೂ ರದ್ದಾಗಿಲ್ಲವೆಂದು ಎರಡನೆಯ ಜಾನ್ ಪಾಲ್ ಪೋಪರು ೧೯೮೦ರಲ್ಲಿ, ಯೆಹೂದ್ಯರ ರಕ್ತ ಹರಿದ ಅದೇ ಮೈನ್ಜ್ ನಗರದಲ್ಲಿ, ಹೇಳಿದರು. ೨೦೧೫ರ ಡಿಸೆಂಬರಿನಲ್ಲಿ ವ್ಯಾಟಿಕನ್ನಿನ ಆಯೋಗವೊಂದು ಹೊರಡಿಸಿದ ಪತ್ರ ಇದನ್ನೇ ವಿಸ್ತರಿಸಿತು. ಕ್ರಿಸ್ತನೊಬ್ಬನೇ ರಕ್ಷಕ, ದಾರಿಗಳು ಎರಡಿಲ್ಲ. ಆದರೂ ಯೆಹೂದ್ಯರು ದೇವರ ರಕ್ಷಣೆಯಲ್ಲಿ ಪಾಲುದಾರರೇ. ಕ್ರಿಸ್ತನನ್ನು ಬಾಯಿಬಿಟ್ಟು ಒಪ್ಪದೆ ಇದು ಸಾಧ್ಯವಾಗುವುದು ಹೇಗೆಂಬುದು ದೇವರ ರಹಸ್ಯ. ಯೆಹೂದ್ಯರ ಮತಾಂತರಕ್ಕೆಂದೇ ಸಂಸ್ಥೆ ಕಟ್ಟುವ ಕೆಲಸವನ್ನು ಕ್ಯಾಥೊಲಿಕ್ ಸಭೆ ಮಾಡುವುದಿಲ್ಲವೆಂದೂ ಅದು ತಿಳಿಸಿತು. ಮರುವರ್ಷ ಜರ್ಮನಿಯ ಪ್ರಾಟೆಸ್ಟೆಂಟ್ ಮಹಾಮಂಡಲವೂ, ಲೂಥರನ ಸುಧಾರಣೆಯ ಐನೂರನೆಯ ವರ್ಷದ ಹೊಸ್ತಿಲಲ್ಲಿ, ಯೆಹೂದ್ಯರ ನಡುವಿನ ಮತಪ್ರಚಾರವನ್ನು ಕೈಬಿಟ್ಟಿತು.

ರಹಸ್ಯವೆನ್ನುವುದು ಉತ್ತರವೇ ಅಲ್ಲ, ನುಣುಚಿಕೊಳ್ಳುವಿಕೆ ಎಂದು ಮೊದಲನೆಯ ಪಂಥದವರು ಆಕ್ಷೇಪಿಸುತ್ತಾರೆ. ಯೆಹೂದ್ಯರಲ್ಲಿ ಹಲವರಿಗಾದರೋ ಈ ಚರ್ಚೆಯೇ ವಿಚಿತ್ರವಾಗಿ ತೋರುತ್ತದೆ. ನೋಹನ ಏಳು ವಿಧಿಗಳಂತೆ ನಡೆಯುವ ಅನ್ಯಜನರಲ್ಲಿನ ಸಜ್ಜನರಿಗೂ ಪರಲೋಕದಲ್ಲಿ ಪಾಲುಂಟೆಂದು ಅವರ ಸಂಪ್ರದಾಯವೇ ಹೇಳುತ್ತದೆ. ಅನ್ಯರ ಮೋಕ್ಷಕ್ಕಾಗಿ ಅವರನ್ನು ತಮ್ಮವರನ್ನಾಗಿಸುವ ಹೊಣೆ ಅವರಿಗಿಲ್ಲ.

ಸಿದ್ಧಾಂತಗಳು ಬಿಡಿಸಲಾರದ ಗಂಟು ಕೆಲವೊಮ್ಮೆ ಮನುಷ್ಯರ ಬಾಳಿನಲ್ಲಿ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಪ್ಯಾರಿಸಿನ ಆರ್ಚ್‌ಬಿಷಪ್ಪರಾಗಿದ್ದ ಕಾರ್ಡಿನಲ್ ಜಾನ್-ಮಾರಿ ಲುಸ್ತಿಜೇ ಹುಟ್ಟಿದುದು ಯೆಹೂದ್ಯ ಮನೆಯಲ್ಲಿ. ೧೯೪೦ರಲ್ಲಿ, ಬಾಲ್ಯ ಕಳೆಯುವ ಮೊದಲೇ, ತಾವಾಗಿ ದೀಕ್ಷೆ ಪಡೆದರು. ಅವರ ತಾಯಿ ಆಶ್‌ವಿಟ್ಸಿನಲ್ಲಿ ಮಡಿದರು. ಕ್ರೈಸ್ತನಾದರೂ ತಾವು ಯೆಹೂದ್ಯರಾಗಿಯೇ ಉಳಿದಿರುವುದಾಗಿ ಅವರು ಕೊನೆಯವರೆಗೂ ಹೇಳಿದರು. ಯೆಹೂದ್ಯ ಗುರುಗಳಲ್ಲಿ ಕೆಲವರು ಅದನ್ನು ಒಪ್ಪಲಿಲ್ಲ. ೨೦೦೭ರಲ್ಲಿ ಅವರು ತೀರಿಕೊಂಡಾಗ ನೋತ್ರ್‌ದಾಮ್ ಮಹಾದೇವಾಲಯದ ಎದುರು ಮೊದಲು ಬಂಧುಗಳು ಯೆಹೂದ್ಯರ ಮೃತಪ್ರಾರ್ಥನೆಯಾದ ಕಡ್ಡಿಶ್ ಅನ್ನು ಪಠಿಸಿದರು. ಅನಂತರ ಶವಪೆಟ್ಟಿಗೆಯನ್ನು ಕ್ರೈಸ್ತವಿಧಿಗಾಗಿ ಒಳಗೆ ಕೊಂಡೊಯ್ದರು. ಸತ್ತವರ ಗತಿಯೇನೆಂದು ಅಂದು ಅಲ್ಲಿ ಯಾರೂ ತೀರ್ಪು ಹೇಳಲಿಲ್ಲ. ಹೊರಗೆ ಪ್ರಾರ್ಥಿಸಿದವರೂ ಒಳಗೆ ಪ್ರಾರ್ಥಿಸಿದವರೂ ಅದನ್ನು ಅಬ್ರಹಾಮನ ದೇವರಿಗೇ ಒಪ್ಪಿಸಿದರು.